ಯಾರೂ ಕದಿಯದ ನೀರುನಾಯಿ

ಆರು ಚಳಿಗಾಲ ಕಳೆದರೂ ಶೇವಂತಕ್ಕನ ಕಿಟಕಿಗೆ ಒಬ್ಬ ಕಳ್ಳನೂ ಬಂದಿರಲಿಲ್ಲ. ಇದು ನಮ್ಮೂರಲ್ಲಿ ಎಂಥ ಅವಮಾನ ಎಂದು ಹೊರಗಿನವರಿಗೆ ಹೇಗೆ ಹೇಳಲಿ? ಮದುವೆಯ ಪಂಕ್ತಿಯಲ್ಲಿ ಕೂತಿದ್ದೀರಿ, ಬಡಿಸುವವನು ಎಲ್ಲರಿಗೂ ಹೋಳಿಗೆ ಹಾಕುತ್ತ ಬಂದು ನಿಮ್ಮ ಎಲೆಯೊಂದನ್ನೇ ದಾಟಿ ಮುಂದೆ ಹೋಗುತ್ತಾನೆ ಅಂದುಕೊಳ್ಳಿ. ಅದೂ ಆರು ಸಲ. ಅಕ್ಕಪಕ್ಕದವರು ಕಂಡೂ ಕಾಣದ ಹಾಗೆ ಉಣ್ಣುತ್ತಿರುತ್ತಾರೆ.

ನನ್ನ ಹೆಸರು ರಾಚಪ್ಪ. ಕೆರೆದಂಡೆಯ ಬೀದಿಯಲ್ಲಿ, ಶೇವಂತಕ್ಕನ ಕಿಟಕಿಗೆ ಸರಿಯಾಗಿ ಎದುರಿಗೆ ನನ್ನ ಚಹದಂಗಡಿ ಇದೆ. ಬೆಟ್ಟದ ನೆತ್ತಿಯಿಂದ ಸ್ಕೀ ಕಟ್ಟಿಕೊಂಡು ಜಾರಿ ಬರುವವರು ನನ್ನ ಬೆಂಚಿನ ಹತ್ತಿರ ನಿಲ್ಲುತ್ತಾರೆ. ನಿಲ್ಲಲು ಬಾರದವರು ಬೆಂಚನ್ನೂ ದಾಟಿ ಹಾಲಿನ ಪಾತ್ರೆಯವರೆಗೆ ಬರುತ್ತಾರೆ. ಅಂಥವರಿಗೆ ಮೊದಲ ಲೋಟ ಬಿಟ್ಟಿ. ಈ ಕಥೆಯಲ್ಲಿ ನಾನು ಕಂಡದ್ದು ಅರ್ಧ, ಶೇವಂತಕ್ಕ ಹೇಳಿದ್ದು ಅರ್ಧ. ಎದುರಿಗೇ ಕೂತವನು ಪೂರ್ತಿ ಯಾಕೆ ಕಾಣಲಿಲ್ಲ ಎಂದು ಕೇಳುತ್ತೀರಿ. ಕಾಣದೆ ಇರುವುದನ್ನು ನಮ್ಮೂರಿನ ತಾಯಂದಿರು ಮಕ್ಕಳಿಗೆ ನಡೆಯಲು ಕಲಿಸುವ ಮೊದಲೇ ಕಲಿಸುತ್ತಾರೆ.

ಕೆರೆ ಹೆಪ್ಪುಗಟ್ಟಿದ ದಿನ ಊರಿನ ಕಸುಬಿನವರೆಲ್ಲ ಆ ವರ್ಷದ ತಮ್ಮ ಅತಿ ಒಳ್ಳೆಯ ಕೆಲಸವೊಂದನ್ನು ಕಿಟಕಿಯಲ್ಲಿ ಇಡುತ್ತಾರೆ. ಅಂಗಡಿಯ ಒಳಗಿರುವುದನ್ನು ಯಾರು ಬೇಕಾದರೂ ಕೊಳ್ಳಬಹುದು. ಕಿಟಕಿಯಲ್ಲಿರುವುದನ್ನು ಮಾತ್ರ ಕದಿಯಬೇಕು, ಅದೂ ಹಗಲಿನಲ್ಲಿ. ಒಮ್ಮೆ ಕಿಟಕಿ ಕಂಡ ವಸ್ತು ಆಮೇಲೆ ಎಲ್ಲಿದ್ದರೂ, ಯಾವ ವರ್ಷದ್ದಾದರೂ, ಕೆರೆ ಹೆಪ್ಪುಗಟ್ಟಿರುವಷ್ಟು ದಿನ ಕಳ್ಳರಿಗೆ ಸಲ್ಲುತ್ತದೆ. ಯಾರಾದರೂ ಕೈ ಹಾಕಿದ್ದು ಕಣ್ಣಿಗೆ ಬಿದ್ದರೆ ಸುತ್ತ ಇದ್ದವರು ಬೆನ್ನು ತಿರುಗಿಸಿ, ಬೂಟಿನ ದಾರ ಕಟ್ಟುವಷ್ಟು ಹೊತ್ತು ಬೆಟ್ಟ ನೋಡಬೇಕು. ಮಾಡಿದವರು ತಾವು ಮಾಡಿ ಇಟ್ಟದ್ದನ್ನು ಅದು ಕಿಟಕಿಯಲ್ಲಿರುವ ತನಕ ಮತ್ತೆ ಮುಟ್ಟುವ ಹಾಗಿಲ್ಲ. ಹೆಪ್ಪು ಒಡೆಯುವ ದಿನ ದಂಡೆಯ ಮೇಲೆ ಸಭೆ ಸೇರುತ್ತದೆ. ಕದ್ದವರು ಒಬ್ಬೊಬ್ಬರೇ ಎದ್ದು 'ನಾನು ಕದ್ದೆ' ಎಂದು ಹೇಳಿ, ಮಾಡಿದವರ ಜೊತೆ ಒಂದೇ ತಟ್ಟೆಯಲ್ಲಿ ಉಂಡು, ಆ ವಸ್ತುವನ್ನು ವರ್ಷವಿಡೀ ಊರಿನ ಕಣ್ಣಿಗೆ ಬೀಳುವ ಹಾಗೆ ಬಳಸಬೇಕು. ಯಾರೂ ಕದಿಯದೆ ಉಳಿದದ್ದು ಸಭೆಯ ಬೆಂಕಿಗೆ ಹೋಗುತ್ತದೆ.

ಇನ್ನೊಬ್ಬರನ್ನು ಬೆರಳು ಮಾಡಿ ಕಳ್ಳ ಎಂದು ತೋರಿಸುವುದಿದೆಯಲ್ಲ, ಅದಕ್ಕಿಂತ ಹೊಲಸು ಕೆಲಸ ನಮ್ಮಲ್ಲಿ ಇನ್ನೊಂದಿಲ್ಲ. ಹಾಗೆ ತೋರಿಸಿದವರು ಒಂದು ವರ್ಷ ಸ್ಕೀ ಕಟ್ಟುವ ಹಾಗಿಲ್ಲ. ಆದರೆ ಕಿಟಕಿ ಖಾಲಿಯಾಗಿ, ಸಭೆಯಲ್ಲಿ ಯಾರೂ ಒಪ್ಪಿಕೊಳ್ಳದೆ ಹೋದರೆ ಊರಿನ ಅಟ್ಟ, ಪೆಟ್ಟಿಗೆ, ಹಾಸಿಗೆಯನ್ನೆಲ್ಲ ಸಭೆಯವರೇ ಹುಡುಕುತ್ತಾರೆ. ನಮ್ಮಲ್ಲಿ ಒಬ್ಬ ಪೊಲೀಸಿನವನೂ ಇದ್ದಾನೆ. ಒಂದು ಸಲ ಕೆಳಗಿನ ಊರಿನ ಪ್ರವಾಸಿಯೊಬ್ಬ ತನ್ನ ಕೈಗವಸನ್ನು ಅಂಗಡಿಯ ಕಿಟಕಿಯಲ್ಲಿ ಒಣಗಲು ಇಟ್ಟು, ಅದು ಹೋಯಿತೆಂದು ಠಾಣೆಗೆ ಓಡಿದ. ಪೊಲೀಸಿನವನು ಎದ್ದು ಅವನ ಕೈಕುಲುಕಿ ಅಭಿನಂದಿಸಿದ.

ಶೇವಂತಕ್ಕನಿಗೆ ಐವತ್ತೆಂಟು ವರ್ಷ. ಮದುವೆಯಾಗಿಲ್ಲ, ಕೇಳಿದವರಿಗೆ 'ಪುರುಸೊತ್ತು ಸಿಗಲಿಲ್ಲ' ಎನ್ನುತ್ತಾಳೆ. ಹಿಮದ ಮೇಲೆ ಓಡಿಸುವ ಬಂಡಿಗಳ ಮೂತಿಗೆ ಒಂದು ಮರದ ತಲೆ ಸಿಕ್ಕಿಸುವುದು ನಮ್ಮ ಕಡೆಯ ರೂಢಿ. ಕುದುರೆಯದೋ ಬೆಕ್ಕಿನದೋ ಗೂಬೆಯದೋ, ಒಂದು ತೆಂಗಿನಕಾಯಿಯಷ್ಟು ದೊಡ್ಡ ತಲೆ. ಅದಕ್ಕೆ ಬಂಡಿತಲೆ ಎನ್ನುತ್ತೇವೆ. ಶೇವಂತಕ್ಕನ ಅಪ್ಪ ಭೋಜಾಚಾರಿ ಬಂಡಿತಲೆ ಕೆತ್ತುವುದರಲ್ಲಿ ದೊಡ್ಡ ಹೆಸರು ಮಾಡಿದವರು, ಅವರ ಕೈ ಮಗಳಿಗೆ ಬಂದಿದೆ. ಊರಿನಲ್ಲಿ ತಲೆ ಇಲ್ಲದ ಬಂಡಿ ಇರುವುದು ಒಂದೇ, ಅದು ನನ್ನದು. ಬಂಡಿತಲೆ ಕದ್ದೇ ಪಡೆಯಬೇಕು ಎಂಬುದು ಗಂಡಸುತನದ ಪ್ರಶ್ನೆ, ಮತ್ತು ನಲವತ್ತೇಳು ವರ್ಷದಲ್ಲಿ ನಾನು ಒಂದು ಗುಂಡಿಯನ್ನೂ ಕದ್ದವನಲ್ಲ. ಕೈ ಚಾಚಿದರೆ ಮೊಣಕಾಲು ನಡುಗುತ್ತದೆ. 'ಏನೋ ಬೋಳುಬಂಡಿ, ಚಹ ಕೊಡು' ಎಂದೇ ಶೇವಂತಕ್ಕ ನನ್ನನ್ನು ಕರೆಯುವುದು.

ಏಳನೆಯ ಚಳಿಗಾಲ ಅವಳು ಕಿಟಕಿಯಲ್ಲಿಟ್ಟದ್ದು ಒಂದು ನೀರುನಾಯಿಯ ತಲೆ. ಬಾಯಿ ಸ್ವಲ್ಪ ತೆರೆದು, ಏನೋ ಕೀಟಲೆ ಮಾಡಿ ಬಂದ ಹಾಗೆ ಮುಖ. ಇಟ್ಟ ದಿನ ನಾನು ನೋಡಿದ್ದೆ; ಒಂದು ಲೋಟ ಚಹವನ್ನು ಬೇರೆಯವರ ಬೂಟಿಗೆ ಹುಯ್ಯುವಷ್ಟು ಹೊತ್ತು ನೋಡಿದ್ದೆ. ಈ ಸಲ ಹೋದೀತು ಎಂದುಕೊಂಡೆ. ಎರಡು ವಾರ ಕಳೆಯಿತು, ತಿಂಗಳಾಯಿತು, ನೀರುನಾಯಿ ಅಲ್ಲೇ ಕೂತಿತ್ತು.

ಆಗ ಸಭೆಯ ಹಿರಿಯಳಾದ ನೀಲಜ್ಜಿ ಕೋಲೂರಿಕೊಂಡು ಅವಳ ಅಂಗಡಿಗೆ ಬಂದಳು. ನೀಲಜ್ಜಿಗೆ ಎಂಬತ್ತೆರಡು. ಪ್ರಾಯದಲ್ಲಿ ಊರಿನ ಮೊದಲ ನಂಬರಿನ ಕಳ್ಳಿ, ಒಮ್ಮೆ ಒಂದು ಇಡೀ ದೋಣಿಯನ್ನು ಸೀರೆಯ ಮರೆಯಲ್ಲಿ ಕದ್ದಳೆಂದು ಹೇಳುತ್ತಾರೆ.

"ಶೇವಂತಿ, ನೇಮ ಏನು ಅಂತ ನಿಂಗೆ ಗೊತ್ತು" ಎಂದಳು ನೀಲಜ್ಜಿ. "ಯಾರ ಕೈಯ ಕೆಲಸ ಏಳು ಚಳಿಗಾಲ ಕಿಟಕೀಲಿ ಕದೀದೆ ಉಳಿಯುತ್ತೋ, ಅವರ ಕಿಟಕಿ ಹೋಗುತ್ತೆ. ಹಿಂದಿನ ಓಣಿಗೆ ಹೋಗ್ಬೇಕು. ಬಟ್ಟೆ ನೇತು ಹಾಕೋ ಗೂಟ ಮಾಡ್ಕೊಂಡಿರ್ಬೇಕು."

"ಇನ್ನೂ ಒಂದೂವರೆ ತಿಂಗಳು ಇದೆಯಲ್ಲ ಅಜ್ಜಿ."

"ಇದೆ. ಆದ್ರೆ ಚಿದಾನಂದ ನಿನ್ನೆ ಟೇಪು ಹಿಡ್ಕೊಂಡು ಬಂದು ನಿನ್ನ ಕಿಟಕಿ ಅಳೆದು ಹೋದ. ನೀನು ನೋಡ್ಲಿಲ್ವಾ?"

ಶೇವಂತಕ್ಕ ನೋಡಿದ್ದಳು. ಚಿದಾನಂದ ದೊಡ್ಡ ಲಾಡ್ಜಿನ ಮಾಲೀಕ. ಕೆಳಗಿನ ಊರಿನಿಂದ ಪ್ಲಾಸ್ಟಿಕ್ ಪೆಂಗ್ವಿನ್ ತರಿಸಿ ಪ್ರವಾಸಿಗಳಿಗೆ ಮಾರುತ್ತಾನೆ. ನಮ್ಮ ಕೆರೆಯಲ್ಲಿ ಪೆಂಗ್ವಿನ್ ಯಾವ ಕಾಲಕ್ಕೂ ಇರಲಿಲ್ಲ. ಅಪ್ಪ ಉಳಿ ಹಿಡಿದು ಕೂತಿದ್ದ ಜಾಗದಲ್ಲಿ ಆ ಪೆಂಗ್ವಿನ್‌ಗಳು ಸಾಲಾಗಿ ನಿಂತು ಕೆರೆ ನೋಡುವುದನ್ನು ನೆನೆದರೆ ಅವಳು ಕೈಯಲ್ಲಿದ್ದ ಉಳಿಯನ್ನು ಬೆಂಚಿಗೆ ನಾಟಿಬಿಡುತ್ತಿದ್ದಳು.

ಮರುದಿನದಿಂದ ಅವಳು ಕಳ್ಳರನ್ನು ಕರೆಯಲು ಪಡಬಾರದ ಪಾಡು ಪಟ್ಟಳು. ಕಿಟಕಿಗೆ ಬೆನ್ನು ಹಾಕಿ ಗೋಡೆ ನೋಡುತ್ತ ಇಡೀ ದಿನ ಕೂತಳು. ಬಾಗಿಲು ಹಾರು ಹೊಡೆದು ಬೆಟ್ಟಕ್ಕೆ ಹೋಗಿ, ನಾಲ್ಕು ಸಲ ಸ್ಕೀ ಜಾರಿ, ಸಂಜೆಗೆ ಬಂದಳು. ಕಿಟಕಿಯ ಕೆಳಗಿನ ಹಿಮ ಗುಡಿಸಿ, ಕಳ್ಳನಿಗೆ ಜಾರದಿರಲಿ ಎಂದು ಬೂದಿ ಹಾಕಿದಳು. ಒಬ್ಬ ಪ್ರವಾಸಿ ನೀರುನಾಯಿಯ ಜೊತೆ ಫೋಟೋ ತೆಗೆಸಿಕೊಂಡು ಹೋದ, ಅಷ್ಟೇ. ಕೊನೆಗೆ ಒಂದು ಮಧ್ಯಾಹ್ನ ನನ್ನ ಬೆಂಚಿಗೆ ಬಂದು ಕೂತು ದನಿ ತಗ್ಗಿಸಿದಳು.

"ರಾಚ, ನಿನ್ನ ಬಂಡಿ ಬೋಳು ಅಲ್ವಾ?"

"ಅದನ್ನ ದಿನಾ ನೀವೇ ಹೇಳ್ತೀರಲ್ಲಕ್ಕ."

"ನಾಳೆ ಹನ್ನೊಂದು ಗಂಟೆಗೆ ನಾನು ಒಳಗೆ ರೊಟ್ಟಿ ತಟ್ತಾ ಇರ್ತೀನಿ."

ನಾನು ಸೌಟು ಕೆಳಗಿಟ್ಟೆ. "ಅಕ್ಕ, ಹೇಳಿಸಿಕೊಂಡು ಕದ್ರೆ ಅದು ಕದ್ದ ಹಾಗಾಗಲ್ಲ. ದಾನ ತಗೊಂಡ ಹಾಗಾಗುತ್ತೆ. ನೀಲಜ್ಜಿ ನನ್ನ ಮುಖ ನೋಡಿದ್ರೆ ಸಾಕು, ಎಲ್ಲ ಕಕ್ಕಿಬಿಡ್ತೀನಿ."

"ನಿಜ ಹೇಳು. ಅದ್ರಲ್ಲಿ ಏನು ಊನ ಇದೆ? ಯಾಕೆ ಯಾರೂ ಮುಟ್ತಿಲ್ಲ?"

ನಾನು ಲೋಟ ಒರೆಸಿದೆ. ಒರೆಸಿದ ಲೋಟವನ್ನೇ ಮತ್ತೆ ಒರೆಸಿದೆ. ಅವಳು ಬಿಡಲಿಲ್ಲ.

"ಇಟ್ಟ ದಿನ ಜೀವ ಇತ್ತಕ್ಕ" ಎಂದೆ. "ಆಮೇಲೆ ಯಾಕೋ ಕಣ್ಣು ಸತ್ತ ಹಾಗೆ ಕಾಣುತ್ತೆ. ಪ್ರತಿ ವರ್ಷಾನೂ ಹಾಗೇ. ಮೊದಲ ದಿನ ಚೆನ್ನಾಗಿರುತ್ತೆ, ಮಾರನೇ ದಿನದಿಂದ ಏನೋ ಆಗುತ್ತೆ. ಜನಾನೂ ಅದನ್ನೇ ಮಾತಾಡ್ಕೊತಾರೆ. ನಿಮಗೆ ಹೇಳೋ ಧೈರ್ಯ ಯಾರಿಗಿದೆ?"

ಶೇವಂತಕ್ಕ ಎದ್ದು ಹೋದಳು. ಚಹವನ್ನು ಅರ್ಧ ಬಿಟ್ಟಿದ್ದಳು. ನಾನು ಆ ದಿನವೆಲ್ಲ ನನ್ನ ನಾಲಿಗೆಯನ್ನು ಬೈದುಕೊಂಡೆ.

ಅದರ ಮಾರನೆಯ ದಿನ ಬಂಡಿಗಳ ಪಂದ್ಯ. ಇಡೀ ಊರು ಹೆಪ್ಪುಗಟ್ಟಿದ ಕೆರೆಯ ಆಚೆ ದಡಕ್ಕೆ ಹೋಗಿತ್ತು, ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಶೇವಂತಕ್ಕ ಅಂಗಡಿಯೊಳಗೆ ಒಬ್ಬಳೇ ನಿಂತು ನೀರುನಾಯಿಯ ಕಣ್ಣು ನೋಡಿದಳು. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಮಾಡಿದವಳು ಮುಟ್ಟಬಾರದು ಎಂಬುದು ಮೂವತ್ತು ವರ್ಷದಲ್ಲಿ ಅವಳು ಒಂದು ಸಲವೂ ಮೀರದ ನೇಮ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಕಿಟಕಿಗೆ ಕೈ ಹಾಕಿ, ಅದನ್ನು ಎತ್ತಿಕೊಂಡಳು.

ಎತ್ತಿದ ಕೂಡಲೇ ಕೈಗೆ ಗೊತ್ತಾಯಿತು. ಕಿವಿಯ ಹಿಂದೆ ಉಳಿಯ ಗೀರುಗಳು ಎಡದಿಂದ ಬಂದಿದ್ದವು. ತಿರುಗಿಸಿ ಕತ್ತಿನ ಅಡಿ ನೋಡಿದಳು. ಅಪ್ಪ ಹಾಕುತ್ತಿದ್ದ, ಈಗ ಅವಳು ಹಾಕುವ ಮೂರು ಗೆರೆಯ ಗುರುತು ಅಲ್ಲಿರಲಿಲ್ಲ. ಮರ ಬೋಳಾಗಿತ್ತು. ಯಾರೋ ಅವಳ ನೀರುನಾಯಿಯನ್ನು ಕದ್ದು, ಅಂಥದೇ ಇನ್ನೊಂದನ್ನು ಅಲ್ಲಿ ಕೂರಿಸಿ ಹೋಗಿದ್ದರು. ಮೊದಲು ಅವಳಿಗೆ ಬಂದದ್ದು ನಗು, ಅದೂ ನೇಮ ಮುರಿಯಲಿಲ್ಲವಲ್ಲ ಎಂದು. ಮುಟ್ಟಬಾರದ್ದು ತಾನು ಮಾಡಿದ್ದನ್ನು. ಇದನ್ನು ತಾನು ಮಾಡಿಯೇ ಇರಲಿಲ್ಲ. ನಗು ನಿಂತ ಮೇಲೆ ಸಿಟ್ಟು ಬಂತು. ನಮ್ಮೂರಲ್ಲಿ ಎಡಗೈಯಲ್ಲಿ ಉಳಿ ಹಿಡಿಯುವವನು ಒಬ್ಬನೇ.

ಅವನು ಮಾನಯ್ಯ. ಸ್ಕೀ ಮಾಡುವ ಮಾನಯ್ಯ. ಹುಡುಗನಾಗಿದ್ದಾಗ ಭೋಜಾಚಾರಿಯ ಹತ್ತಿರ ಶೇವಂತಕ್ಕನ ಪಕ್ಕದಲ್ಲೇ ಕೂತು ಕೆಲಸ ಕಲಿತವನು. ಅವನ ಎಡಗೈಯನ್ನು ಬಲಗೈ ಮಾಡಲು ಆಚಾರಿಗಳು ಎರಡು ವರ್ಷ ಗುದ್ದಾಡಿ ಕೈಬಿಟ್ಟರು. ಬಂಡಿತಲೆ ಅವನಿಗೆ ಒಲಿಯಲಿಲ್ಲ, ಸ್ಕೀ ಹಲಗೆ ಒಲಿಯಿತು. ಪ್ರತಿ ಚಳಿಗಾಲವೂ ಅವನ ಕಿಟಕಿಯ ಸ್ಕೀ ವಾರದೊಳಗೆ ಕಳುವಾಗುತ್ತದೆ. ಅವನೂ ಶೇವಂತಕ್ಕನೂ ಮಾತು ಬಿಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಆಗ ಅವನ ಅತಿ ಚಂದದ ಸ್ಕೀ ಜೊತೆಯನ್ನು ಕದ್ದವಳು ಇವಳೇ. ಊರಿಗೆ ಕಾಣುವ ಹಾಗೆ ಬಳಸಬೇಕಲ್ಲ, ಇವಳು ಅವೆರಡನ್ನೂ ಮಾಡಿನ ಮೇಲೆ ಜೋಡಿಸಿ ಸಂಡಿಗೆ, ಬಾಳಕದ ಮೆಣಸಿನಕಾಯಿ ಒಣಗಿಸಿದಳು. 'ಅಷ್ಟು ಸಪಾಟಾದ ಹಲಗೆ ಊರಲ್ಲಿ ಇನ್ನೊಂದಿಲ್ಲ' ಎಂದು ಹೊಗಳಿಯೇ ಹೇಳಿದ್ದಳು. ಮಾನಯ್ಯ ದಾರಿಯಲ್ಲಿ ನಿಂತು ತನ್ನ ಸ್ಕೀ ಮೇಲಿನ ಬಾಳಕದ ಮೆಣಸಿನಕಾಯಿಯನ್ನು ನೋಡಿ, ಮುಖ ಕಪ್ಪಿಟ್ಟುಕೊಂಡು ಹೋದವನು, ಅವಳ ಜೊತೆ ಒಂದು ಶಬ್ದ ಆಡಿರಲಿಲ್ಲ. ಮಾತಿದ್ದರೆ ನನ್ನ ಮೂಲಕ. ನಾನು ಮಧ್ಯದಲ್ಲಿ ನಿಂತಿದ್ದರೆ ಇಬ್ಬರೂ ನನ್ನ ಮುಖ ನೋಡಿಕೊಂಡು ಮಾತಾಡುತ್ತಿದ್ದರು.

ಶೇವಂತಕ್ಕ ಸುಳ್ಳು ನೀರುನಾಯಿಯನ್ನು ಮೊದಲಿದ್ದ ಹಾಗೇ ಕೂರಿಸಿದಳು. ಸ್ಕೀ ಕಟ್ಟಿಕೊಂಡು, ಒಂದು ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಮಾನಯ್ಯನ ಮನೆಗೆ ಹೊರಟಳು. ಮಾನಯ್ಯ ಪಂದ್ಯದಲ್ಲಿ ಬಾವುಟ ಬೀಸುವವನು, ಸಂಜೆವರೆಗೆ ಬರುವುದಿಲ್ಲ. ಬಾಗಿಲು ತೆರೆದೇ ಇತ್ತು. ಅಂಗಡಿಯಲ್ಲಿಲ್ಲ, ಅಡುಗೆಮನೆಯಲ್ಲಿಲ್ಲ. ಅಟ್ಟದ ಏಣಿ ಹತ್ತಿದಳು.

ಅಟ್ಟದ ಮೇಲೆ, ಬೆಳಕಿಂಡಿಯ ಹತ್ತಿರ, ಹಲಗೆಯೊಂದರ ಮೇಲೆ ಏಳು ಉಣ್ಣೆ ಟೋಪಿಗಳು ಸಾಲಾಗಿ ಇದ್ದವು. ಒಂದು ಟೋಪಿ ಎತ್ತಿದಳು, ಕೆಳಗೆ ಅವಳ ಕುದುರೆ. ಆರು ವರ್ಷದ ಹಿಂದೆ ಬೆಂಕಿಗೆ ಹೋಯಿತೆಂದು ಅವಳು ಮೂರು ದಿನ ಉಪ್ಪು ಹಾಕದ ಅನ್ನ ತಿಂದಿದ್ದ ಕುದುರೆ. ಆಮೇಲೆ ಬೆಕ್ಕು, ಹುಂಜ, ಟಗರು, ನರಿ, ಗೂಬೆ. ಕೊನೆಗೆ ನೀರುನಾಯಿ. ಎಲ್ಲಕ್ಕೂ ವರ್ಷ ವರ್ಷವೂ ಎಣ್ಣೆ ಸವರಿದ್ದ, ಮರ ಬೆಚ್ಚಗೆ ಹೊಳೆಯುತ್ತಿತ್ತು. ಕುದುರೆಯ ಸೀಳಿದ ಕಿವಿಯೊಂದಕ್ಕೆ ಅಂಟು ಹಾಕಿ ನೂಲು ಸುತ್ತಿದ್ದ. ಆರು ವರ್ಷ ಸಭೆಯ ಬೆಂಕಿಯಲ್ಲಿ ಸುಟ್ಟದ್ದು ಅವನ ಕೆಲಸ. ಅವಳದು ಉಳಿಯಲಿ ಎಂದು ಅವನು ಪ್ರತಿ ವರ್ಷ ಒಂದನ್ನು ಕೆತ್ತಿ, ಬೆಂಕಿಗೆ ಕೊಟ್ಟು, ದೂರ ನಿಂತು ನೋಡಿದ್ದ.

"ಬೈಯೋಣ ಅಂತಲೇ ಹೋಗಿದ್ದೆ ಕಣೋ" ಎಂದು ಆಮೇಲೆ ನನಗೆ ಹೇಳಿದಳು. "ಆ ಟೋಪಿಗಳನ್ನ ನೋಡಿ ಅಲ್ಲೇ ಕೂತು ಅತ್ತೆ. ಅತ್ತು ಮುಗಿದ ಮೇಲೆ ಇನ್ನೂ ಸಿಟ್ಟು ಬಂತು. ತಲೆಗಳನ್ನ ಉಳಿಸಿದ, ನನ್ನ ಮಾನ ಉಳಿಸಲಿಲ್ಲ. ಎದ್ದು ನಿಂತು 'ನಾನು ಕದ್ದೆ' ಅಂದಿದ್ರೆ ಮುಗೀತಿತ್ತು. ನನ್ನ ಜೊತೆ ಒಂದು ತಟ್ಟೇಲಿ ಉಣ್ಬೇಕಾಗುತ್ತಲ್ಲ, ಅದಕ್ಕೆ ಬಾಯಿ ಬಿಡಲಿಲ್ಲ, ಹಟಮಾರಿ."

ಅವಳು ಕೈಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಆದರೆ ಒಮ್ಮೆ ಕಿಟಕಿ ಕಂಡ ವಸ್ತುವನ್ನು ಎಲ್ಲಿಂದಲಾದರೂ ಕದಿಯಬಹುದಿತ್ತು. ಏಳನ್ನೂ ಚೀಲಕ್ಕೆ ತುಂಬಿಕೊಂಡು, ಟೋಪಿಗಳನ್ನು ಮೊದಲಿದ್ದ ಹಾಗೇ ಉಬ್ಬಿಸಿಟ್ಟು ಇಳಿದಳು. ಅಳುತ್ತ ಕೂತು ಹೊತ್ತು ಕಳೆದಿದ್ದಳಲ್ಲ, ಅಷ್ಟರಲ್ಲಿ ಪಂದ್ಯ ಮುಗಿದು ಜನ ವಾಪಸು ಬರುತ್ತಿದ್ದರು. ಬೆನ್ನ ಮೇಲೆ ಕಟಕಟ ಎನ್ನುವ ಚೀಲ ಹೊತ್ತು, ಕೆಂಪು ಕಣ್ಣು ಮಾಡಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದ ಶೇವಂತಕ್ಕನನ್ನು ನೋಡಿ ಅವರಿಗೆ ಕೂಡಲೇ ಅರ್ಥವಾಯಿತು. ಬೀದಿಯ ಎರಡೂ ಬದಿ ಸಾಲಾಗಿ ಬೆನ್ನುಗಳು ತಿರುಗಿದವು. ಆಗಷ್ಟೇ ಪಂದ್ಯದಿಂದ ಬಂದು ಒಲೆ ಹಚ್ಚಿದ್ದ ನಾನೂ ತಿರುಗಿದೆ. ಹಾಲು ಉಕ್ಕುವುದು ಕೇಳುತ್ತಿತ್ತು, ಆದರೂ ಬೆಟ್ಟವನ್ನೇ ನೋಡುತ್ತ ನಿಂತೆ.

ನಾಲ್ಕನೆಯ ದಿನ ಮಾನಯ್ಯ ನನ್ನ ಅಂಗಡಿಗೆ ಬಂದ. ಮುಖ ಇಳಿದುಹೋಗಿತ್ತು. ಎದುರಿನ ಕಿಟಕಿಯಲ್ಲಿ ತಾನು ಕೆತ್ತಿದ ನೀರುನಾಯಿ ಕೂತಿರುವುದನ್ನು ನೋಡಿದ, ಒಳಗೆ ಉಳಿ ಮಸೆಯುತ್ತ ಏನೋ ಗುನುಗುತ್ತಿದ್ದ ಶೇವಂತಕ್ಕನನ್ನು ನೋಡಿದ. ಅವಳು ಚಹಕ್ಕೆ ಬಂದು ಬೆಂಚಿನ ಇನ್ನೊಂದು ತುದಿಗೆ ಕೂತಳು.

"ರಾಚಪ್ಪ" ಎಂದ ಮಾನಯ್ಯ, "ಈ ಊರಲ್ಲಿ ಜನ ಅಟ್ಟಕ್ಕೂ ಹತ್ತೋಕೆ ಶುರು ಮಾಡಿದಾರೆ ಅಂತ ಕೇಳ್ದೆ."

"ರಾಚ" ಎಂದಳು ಶೇವಂತಕ್ಕ, "ಅಟ್ಟದ ಮೇಲೆ ಬೆಲೆಬಾಳೋದು ಇಟ್ಕೊಂಡೋರಿಗೆ ಹೇಳು, ಏಣಿಯ ಮೂರನೇ ಮೆಟ್ಟಿಲು ಅಲ್ಲಾಡುತ್ತೆ. ಬಿದ್ದು ಸೊಂಟ ಮುರ್ಕೊಂಡಾರು."

"ಬಿದ್ರೆ ಬೀಳಲಿ, ಕದ್ದೋರು ಸಭೇಲಿ ಬಾಯಿ ಬಿಡ್ತಾರಾ ಕೇಳು."

"ಕೆಲವರ ಹಾಗೆ ಏಳು ವರ್ಷ ಬಾಯಿ ಮುಚ್ಕೊಂಡಿರಲ್ಲ ಅನ್ನು."

ನನಗೆ ಆಗ ಏನೂ ತಿಳಿಯಲಿಲ್ಲ. ಇಬ್ಬರ ಮುಖವನ್ನೂ ನೋಡಿ ಎರಡು ಚಹ ಕೊಟ್ಟೆ. ಮಾನಯ್ಯ ಕುಡಿಯದೆ ಹೋದ.

ಹೆಪ್ಪು ಒಡೆಯುವ ದಿನ ಬೆಳಿಗ್ಗೆಯಿಂದಲೇ ಕೆರೆ ಗೊಣಗುತ್ತಿತ್ತು. ಮೊದಲ ದೊಡ್ಡ ಬಿರುಕು ಸದ್ದು ಮಾಡಿದರೆ ಚಳಿಗಾಲ ಮುಗಿಯಿತು; ಅದಕ್ಕೆ ಮೊದಲು ಸಭೆ ಮುಗಿಯಬೇಕು. ದಂಡೆಯಲ್ಲಿ ಬೆಂಕಿ ಹಾಕಿ, ಪಕ್ಕದಲ್ಲಿ ಮೀನಿನ ಸಾರಿನ ಹಂಡೆ ಇಟ್ಟಿದ್ದರು. ಒಬ್ಬೊಬ್ಬರೇ ಎದ್ದು ಕದ್ದದ್ದು ಒಪ್ಪಿಕೊಂಡರು. ಮಾನಯ್ಯನ ಸ್ಕೀ ಕದ್ದವಳು ಶಾಲೆಯ ಟೀಚರು. ಪೊಲೀಸಿನವನು ಒಂದು ಕಂಬಳಿ ಕದ್ದಿದ್ದ. ಕೊನೆಗೆ ನೀಲಜ್ಜಿ ಬೆಂಕಿಯ ಪಕ್ಕದ ಕಲ್ಲಿನ ಮೇಲೆ ನೀರುನಾಯಿಯನ್ನು ತರಿಸಿ ಇಡಿಸಿದಳು. ಚಿದಾನಂದ ಮೊದಲ ಸಾಲಿಗೆ ಬಂದು ಕೂತಿದ್ದ. ಅವನ ಕಾಲ ಹತ್ತಿರ ಪೆಂಗ್ವಿನ್ ಪೆಟ್ಟಿಗೆ ಇತ್ತು.

"ಏಳನೇದು" ಎಂದಳು ನೀಲಜ್ಜಿ. ಅವಳ ದನಿಯಲ್ಲಿ ನಿಜವಾಗಿಯೂ ಸಂಕಟವಿತ್ತು. "ಶೇವಂತಿ, ಏನಾದ್ರೂ ಹೇಳೋದಿದೆಯಾ?"

"ಇದೆ ಅಜ್ಜಿ." ಶೇವಂತಕ್ಕ ಎದ್ದಳು. "ನಾನು ಕದ್ದೆ."

ಚೀಲ ಬಿಚ್ಚಿ ಒಂದೊಂದಾಗಿ ಇಟ್ಟಳು. ಕುದುರೆ, ಬೆಕ್ಕು, ಹುಂಜ, ಟಗರು, ನರಿ, ಗೂಬೆ. ಬೆಂಕಿಯಲ್ಲಿ ಸುಟ್ಟದ್ದನ್ನು ಕಣ್ಣಾರೆ ಕಂಡಿದ್ದ ಜನ ಬಾಯಿ ತೆರೆದು ನೋಡಿದರು. ಏಳನೆಯದಾಗಿ ನೀರುನಾಯಿಯನ್ನು ಕಲ್ಲಿನ ಮೇಲಿದ್ದ ನೀರುನಾಯಿಯ ಪಕ್ಕಕ್ಕೇ ಇಟ್ಟಳು. ಎರಡನ್ನೂ ಜೊತೆಗೆ ನೋಡಿದ ಮೇಲೆ ಯಾರೂ ಏನೂ ಕೇಳಬೇಕಾಗಿರಲಿಲ್ಲ. ಒಂದು ನಿಮ್ಮನ್ನು ನೋಡಿ ನಗುತ್ತಿತ್ತು, ಇನ್ನೊಂದಕ್ಕೆ ಹಲ್ಲುನೋವು ಬಂದ ಹಾಗಿತ್ತು.

"ಎಲ್ಲಿಂದ ಕದ್ದೆ?"

"ಮಾನಯ್ಯನ ಅಟ್ಟದಿಂದ."

ನೀಲಜ್ಜಿ ಕುದುರೆಯನ್ನು ತಿರುಗಿಸಿ ಕತ್ತಿನ ಅಡಿಯ ಮೂರು ಗೆರೆಯನ್ನು ಬೆರಳಲ್ಲಿ ಸವರಿದಳು. "ಮಾನಯ್ಯ, ನಿನ್ನ ಅಟ್ಟದಿಂದ ಹೋದ್ದಂತೆ. ಇವು ನಿನ್ನ ಕೆಲಸ ಅಂತ ಹೇಳು, ಹೋಗಿ ಇಬ್ಬರೂ ಊಟ ಮಾಡಿ."

ಮಾನಯ್ಯ ಎದ್ದು ನಿಂತ. ಹೌದು ಎಂದಿದ್ದರೆ ಅವನು ಉಳಿಯುತ್ತಿದ್ದ. ಆದರೆ ಇನ್ನೊಬ್ಬರ ಕೆಲಸವನ್ನು ತನ್ನದು ಎನ್ನುವ ಕಸುಬಿನವನು ನಮ್ಮೂರಲ್ಲಿ ಹುಟ್ಟಿಲ್ಲ.

"ಕೆಲಸ ಅವಳದು" ಎಂದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖ ಬಿಟ್ಟು ಅವಳ ಕಡೆ ನೋಡಿದ. "ನಾನೇ ಕದ್ದೆ. ಮೊದಲ ವರ್ಷ ಕುದುರೆ ಚಂದ ಇತ್ತು, ತಡ್ಕೊಳೋಕಾಗಲಿಲ್ಲ. ಆಮೇಲೆ ಒಂದೇ ತಟ್ಟೆ ನೆನಪಾಯ್ತು. ಕಿಟಕಿ ಖಾಲಿ ಬಿಟ್ರೆ ಅಟ್ಟ ಹುಡುಕ್ತೀರಿ ಅಂತ, ಬೆಳಗಾಗೋದ್ರೊಳಗೆ ಅಂಥದೇ ಒಂದು ಕೆತ್ತಿ ಇಟ್ಟೆ. ಬೇರೆ ಯಾರಾದ್ರೂ ಅದನ್ನ ಕದೀತಾರೆ, ಅವಳ ಹೆಸರೂ ಉಳಿಯುತ್ತೆ ಅಂದ್ಕೊಂಡಿದ್ದೆ. ಯಾರೂ ಕದೀಲಿಲ್ಲ. ಪ್ರತಿ ವರ್ಷ ಇನ್ನೂ ಹುಷಾರಾಗಿ ಕೆತ್ತಿದೆ. ಆದ್ರೂ ಕದೀಲಿಲ್ಲ."

ಹಾಗಾದರೆ ಶೇವಂತಕ್ಕನ ಕೆಲಸ ಏಳು ಚಳಿಗಾಲವೂ ಕಳುವಾಗಿತ್ತು. ಅವಳ ಕಿಟಕಿ ಅವಳದೇ. ಚಿದಾನಂದ ಪೆಟ್ಟಿಗೆಯನ್ನು ನಿಧಾನಕ್ಕೆ ಕಾಲಿನ ಹಿಂದೆ ಸರಿಸಿದ. ಆದರೆ ನೀಲಜ್ಜಿ ಕೋಲಿನ ಮೇಲೆ ಗಲ್ಲವಿಟ್ಟು ಯೋಚಿಸುತ್ತಿದ್ದಳು.

"ಹಾಗಂದ್ರೆ ಮಾನಯ್ಯ, ಏಳು ಚಳಿಗಾಲ ಕಿಟಕೀಲಿ ಕದೀದೆ ಉಳಿದದ್ದು ನಿನ್ನ ಕೈಯ ಕೆಲಸ."

"ನನ್ನ ಸ್ಕೀ ಪ್ರತಿ ವರ್ಷ..."

"ಸ್ಕೀ ಕದ್ರು, ಸರಿ. ನೇಮದಲ್ಲಿ ಸ್ಕೀ ಅಂತಿಲ್ಲ, ಯಾರ ಕಿಟಕಿ ಅಂತಾನೂ ಇಲ್ಲ. ಕೈಯ ಕೆಲಸ ಅಂತಿದೆ. ಹೋಗೋದು ನಿನ್ನ ಕಿಟಕಿ."

ಚಿದಾನಂದ ಪೆಟ್ಟಿಗೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡ. ಮಾನಯ್ಯನ ಕಿಟಕಿ ಎರಡು ಮೊಳ ಹೆಚ್ಚು ಅಗಲ. ಮಾನಯ್ಯ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಹಿಂದೆ ಆಚಾರಿಗಳ ಮುಂದೆ ಏಟು ತಿನ್ನಲು ನಿಲ್ಲುತ್ತಿದ್ದ ಹಾಗೆ ನಿಂತಿದ್ದ. ಕೆರೆಯ ಒಳಗೆ ಎಲ್ಲೋ ಟರ್ರೆಂದು ಸಣ್ಣ ಸದ್ದಾಯಿತು. ದೊಡ್ಡ ಬಿರುಕು ಇನ್ನೂ ಬಿದ್ದಿರಲಿಲ್ಲ.

ಶೇವಂತಕ್ಕ ಕೆರೆಯನ್ನು ನೋಡಿದಳು, ಆಕಾಶದಲ್ಲಿ ಇನ್ನೂ ಉಳಿದಿದ್ದ ಬಿಸಿಲನ್ನು ನೋಡಿದಳು. ಆಮೇಲೆ ಕಲ್ಲಿನ ಹತ್ತಿರ ನಡೆದು, ಹಲ್ಲುನೋವಿನ ನೀರುನಾಯಿಯ ಮೇಲೆ ಕೈ ಇಟ್ಟಳು.

ಮೊದಲು ತಿರುಗಿದವಳು ನೀಲಜ್ಜಿ. ಎಂಬತ್ತೆರಡರ ಮುದುಕಿ ಕೋಲಿನ ಸುತ್ತ ಬುಗುರಿಯ ಹಾಗೆ ತಿರುಗಿ ಬೆಟ್ಟಕ್ಕೆ ಮುಖ ಮಾಡಿದಳು. ಆಮೇಲೆ ಟೀಚರು, ಪೊಲೀಸಿನವನು, ಹೊಸ ಕಂಬಳಿ ಹೊದ್ದವರು, ಸಾರಿನ ಸೌಟು ಹಿಡಿದವರು, ನಾನು, ಇಡೀ ಸಭೆ ಬೆನ್ನು ಹಾಕಿತು. ಚಿದಾನಂದನೂ ತಿರುಗಬೇಕಾಯಿತು, ಅವನೂ ಈ ಊರಿನ ತಾಯಿಯ ಮಗನೇ. ಎಲ್ಲರಿಗಿಂತ ಕೊನೆಗೆ ತಿರುಗಿದವನು ಮಾನಯ್ಯ. ಅವನ ಭುಜ ಅಲುಗುತ್ತಿದ್ದದ್ದು ನನಗೆ ಪಕ್ಕದಿಂದ ಕಾಣಿಸಿತು. ಬೂಟಿನ ದಾರ ಕಟ್ಟುವಷ್ಟು ಹೊತ್ತಾದ ಮೇಲೆ ನಾವೆಲ್ಲ ಈ ಕಡೆ ತಿರುಗಿದೆವು.

"ಇಲ್ಲೊಂದು ನೀರುನಾಯಿ ಇತ್ತಲ್ಲ" ಎಂದಳು ನೀಲಜ್ಜಿ, ಬಹಳ ಆಶ್ಚರ್ಯಪಟ್ಟವಳ ಹಾಗೆ.

"ನಾನು ಕದ್ದೆ ಅಜ್ಜಿ" ಎಂದಳು ಶೇವಂತಕ್ಕ. ಅವಳ ಸೆರಗಿನಡಿ ಅದರ ಮೂಗು ಕಾಣುತ್ತಿತ್ತು.

ಆಗ ಕೆರೆ ದೊಡ್ಡದಾಗಿ ಸೀಳಿತು. ಚಳಿಗಾಲ ಮುಗಿಯಿತು. ನೀಲಜ್ಜಿ ಬೆರಳು ಮಡಿಸಿ, ಅವನು ಕದ್ದದ್ದು ಏಳು, ಅವಳು ಅಟ್ಟದಿಂದ ಒಂದೇ ಸಲಕ್ಕೆ ತಂದದ್ದು ಒಂದು, ಇದೊಂದು, ಒಟ್ಟು ಒಂಬತ್ತು ಊಟ ಒಂದೇ ತಟ್ಟೆಯಲ್ಲಿ ಆಗಬೇಕು ಎಂದಳು. ಮಾನಯ್ಯ ಮೊದಲ ಊಟಕ್ಕೆ ಕೂತು, ಮುದ್ದೆ ಮುರಿದು, ಬಹಳ ಹೊತ್ತು ಸಾರಿನಲ್ಲಿ ಅದ್ದುತ್ತಲೇ ಇದ್ದ.

"ನೀನು ಯಾಕೆ ಬಿಡಿಸಿದೆ?" ಎಂದ.

"ಏಳು ವರ್ಷ ನನ್ನ ಮಾನ ಕಳೆದೋನು ಹಿಂದಿನ ಓಣೀಲಿ ನೆಮ್ಮದಿಯಾಗಿ ಗೂಟ ಮಾಡ್ಕೊಂಡಿರೋದು ಬೇಡ ಅಂತ. ನನ್ನ ಕಣ್ಣೆದುರಿಗೇ ಇರು. ಆ ಮೀನಿನ ತಲೆ ಈ ಕಡೆ ತಳ್ಳು."

ಕದ್ದದ್ದನ್ನು ಊರಿಗೆ ಕಾಣುವ ಹಾಗೆ ಬಳಸಬೇಕು. ಬಿಸಿಲು ಬಲಿತ ಮೇಲೆ ಶೇವಂತಕ್ಕ ಮಾಡಿನ ಮೇಲೆ ಇಪ್ಪತ್ತೆರಡು ವರ್ಷದ ಹಿಂದಿನ ಅದೇ ಎರಡು ಸ್ಕೀ ಜೋಡಿಸಿ, ಅದೇ ಸಂಡಿಗೆ ಹರವಿ, ಕಾಗೆ ಬಾರದ ಹಾಗೆ ನಡುವೆ ಮಾನಯ್ಯನ ನೀರುನಾಯಿಯನ್ನು ನಿಲ್ಲಿಸಿದಳು. ನಾನು ಅಂಗಡಿಯಿಂದ ನೋಡಿ, ಇನ್ನು ಇಪ್ಪತ್ತೆರಡು ವರ್ಷ ಮಧ್ಯಸ್ಥಿಕೆ ಮಾಡಬೇಕಲ್ಲ ದೇವರೇ ಎಂದುಕೊಂಡೆ. ಆರನೆಯ ಊಟಕ್ಕೆ ಬಂದ ಮಾನಯ್ಯ ಬೀದಿಯಲ್ಲಿ ನಿಂತು ತಲೆ ಎತ್ತಿ ನೋಡಿದ. ಒಂದು ಕಾಗೆ ನೀರುನಾಯಿಯ ನೆತ್ತಿಯ ಮೇಲೇ ಕೂತು ಸಂಡಿಗೆ ತಿನ್ನುತ್ತಿತ್ತು.

"ಕಾಗೆಗೂ ಹೆದರಿಕೆ ಇಲ್ಲ ನೋಡು" ಎಂದಳು ಶೇವಂತಕ್ಕ ಬಾಗಿಲಲ್ಲಿ ನಿಂತು. "ಕಣ್ಣು ಸತ್ತಿದೆ."

"ಹಾಗಾದ್ರೆ ನೀನೇ ಸರಿ ಮಾಡು."

"ನಾನು ಮುಟ್ಟಿದ್ರೆ ನನ್ನ ಕೆಲಸ ಆಗುತ್ತೆ. ಉಳಿ ಕೊಡ್ತೀನಿ, ಹತ್ತು. ಅಪ್ಪ ನಿನ್ನ ಬಲಗೈಗೆ ಹೇಳಿಕೊಟ್ಟಿದ್ದು, ಅದೇ ಎಡವಟ್ಟಾಗಿದ್ದು. ಎಡಗೈಗೆ ನಾನು ಹೇಳ್ತೀನಿ."

ಆ ಮಧ್ಯಾಹ್ನವೆಲ್ಲ ಅವನು ಮಾಡಿನ ಮೇಲೆ, ಅವಳು ಏಣಿಯ ಬುಡದಲ್ಲಿ. 'ಇನ್ನೂ ಒಂದು ಕೂದಲೆಳೆ ಕೆಳಗೆ', 'ಅಷ್ಟಲ್ಲ ಮಾರಾಯ', 'ರೆಪ್ಪೆ ಮೊದಲು, ಗುಡ್ಡೆ ಆಮೇಲೆ'. ಊಟ ಆರಿಹೋಯಿತು. ಅವನು ಇಳಿದು ಬಂದಾಗ ನೀರುನಾಯಿ ಇಡೀ ಬೀದಿಯನ್ನು ನೋಡಿ, ನಮ್ಮೆಲ್ಲರ ಗುಟ್ಟೂ ಗೊತ್ತಿರುವ ಹಾಗೆ ಕಣ್ಣು ಕಿರಿದು ಮಾಡಿತ್ತು. ಕಾಗೆಗಳು ಮತ್ತೆ ಬರಲಿಲ್ಲ. 'ಈಗ ಪರವಾಗಿಲ್ಲ' ಎಂದಳು ಶೇವಂತಕ್ಕ. ಮಾನಯ್ಯ ಅದನ್ನು ಕೇಳಿ ಬೀದಿಯ ತುದಿಯವರೆಗೆ ನಗುತ್ತಲೇ ಹೋದ.

ಒಂಬತ್ತು ಊಟ ಮುಗಿದು ಎಷ್ಟೋ ಕಾಲವಾಗಿದೆ, ಅವನು ಇನ್ನೂ ಊಟಕ್ಕೆ ಬರುವುದು ನಿಲ್ಲಿಸಿಲ್ಲ. ಕೇಳಿದರೆ ಲೆಕ್ಕ ತಪ್ಪಿತು ಎನ್ನುತ್ತಾನೆ.

ಈ ವರ್ಷ ಕೆರೆ ಬೇಗ ಹೆಪ್ಪುಗಟ್ಟಿತು. ಹೆಪ್ಪುಗಟ್ಟಿದ ಮೊದಲ ದಿನವೇ, ಹಾಡಹಗಲು, ಆ ನೀರುನಾಯಿ ಮಾಡಿನಿಂದ ಕಳುವಾಯಿತು. ಸಭೆಗೆ ಇನ್ನೂ ಮೂರು ತಿಂಗಳಿದೆ, ಯಾರು ಕದ್ದದ್ದೆಂದು ಈಗ ಹೇಳುವ ಹಾಗಿಲ್ಲ. ಕದ್ದವನಿಗೆ ಏಣಿಯ ಮೇಲೆ ಮೊಣಕಾಲು ಬಹಳ ನಡುಗಿತಂತೆ. ಇಡೀ ಬೀದಿ ಬೆನ್ನು ಹಾಕಿ ಬೆಟ್ಟ ನೋಡುತ್ತಿತ್ತು. ಮಾನಯ್ಯ ಸಂತೋಷಕ್ಕೆ ಮೂಗು ಒರೆಸಿಕೊಳ್ಳುತ್ತಿದ್ದ. ಕಳ್ಳನಿಗೆ ಇಳಿಯಲು ಹೊತ್ತು ಬೇಕಲ್ಲ ಎಂದು ಶೇವಂತಕ್ಕ ಮೂರು ಸಲ ಬೂಟಿನ ದಾರ ಬಿಚ್ಚಿ ಮೂರು ಸಲ ಕಟ್ಟಿದಳು. ನನ್ನ ಅಂಗಡಿಯಲ್ಲಿ ಆಗ ಯಾರೂ ಇರಲಿಲ್ಲವಾದ್ದರಿಂದ, ಹಾಲೆಲ್ಲ ಉಕ್ಕಿ ಒಲೆ ಆರಿಹೋಗಿತ್ತು.